ಇನ್ನೊಂದೇ ಒಂದು ಓವರು

ಯಂತ್ರಗಳ ಕಾಯಿಲೆಯನ್ನು ಗುರುತಿಸುವುದು ನನ್ನ ಕಸುಬು. ಬಿಡದಿಯ ಕೈಗಾರಿಕಾ ಪ್ರದೇಶದ ಒಂದು ಸಣ್ಣ ಕಾರ್ಖಾನೆಯಲ್ಲಿ ಇಪ್ಪತ್ತೈದು ವರ್ಷಗಳಿಂದ ಈ ಕೆಲಸವನ್ನು ಮಾಡಿಕೊಂಡು ಬಂದಿದ್ದೇನೆ. ಮೈಮೇಲೆ ಕೈಯಿಟ್ಟರೆ ಯಂತ್ರದ ಬಿಸಿ, ಕಿವಿಗೊಟ್ಟರೆ ಅದರ ಸದ್ದು, ಒಳಗೆ ಯಾವ ಭಾಗ ಸವೆಯುತ್ತಿದೆ ಎಂಬುದನ್ನು ನನಗೆ ಹೇಳಿಬಿಡುತ್ತವೆ. ‘ಕಬ್ಬಿಣದ ವೈದ್ಯರು’ ಎಂದು ಜೊತೆಯವರು ನನ್ನನ್ನು ಹಾಸ್ಯ ಮಾಡುವುದುಂಟು. ಆ ಬಿರುದನ್ನು ನಾನು ಒಳಗೊಳಗೇ ಹೆಮ್ಮೆಯಿಂದ ಧರಿಸಿಕೊಂಡಿದ್ದೆ. ಆದರೆ ನನ್ನ ಮನೆಯಲ್ಲಿಯೇ, ನನ್ನ ಕಣ್ಣೆದುರಿನಲ್ಲಿಯೇ, ಒಂದು ಎಳೆಯ ಬೆನ್ನೆಲುಬು ಬಿರುಕು ಬಿಡುತ್ತಿದ್ದುದು ನನಗೆ ತಿಳಿಯಲಿಲ್ಲ. ಆ ಕಥೆಯನ್ನು ಹೇಳಿಕೊಳ್ಳುವುದಕ್ಕೆ ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ.

ಬಿಡದಿಯು ಬೆಂಗಳೂರಿಗೂ ರಾಮನಗರಕ್ಕೂ ನಡುವೆ, ಮೈಸೂರಿಗೆ ಹೋಗುವ ಹೆದ್ದಾರಿಯ ಮೇಲಿದೆ. ಬಹುಕಾಲ ದಾರಿಹೋಕರು ಈ ಊರನ್ನು ನೆನೆಯುತ್ತಿದ್ದುದು ಅದರ ತಟ್ಟೆ ಇಡ್ಲಿಯಿಂದ. ಊರಿನ ಸುತ್ತಲೂ ರಾಗಿಯ ಹೊಲಗಳು, ಹಿಪ್ಪುನೇರಳೆಯ ತೋಟಗಳು, ಅಲ್ಲಲ್ಲಿ ಬಂಡೆಗಳು. 1999ರ ಕೊನೆಯಲ್ಲಿ ಟೊಯೊಟಾ ಕಿರ್ಲೋಸ್ಕರ್ ಕಾರ್ಖಾನೆಯಿಂದ ಮೊದಲ ವಾಹನಗಳು ಹೊರಬಂದವು. ಅದರ ಹಿಂದೆಯೇ ಬಿಡಿಭಾಗಗಳನ್ನು ತಯಾರಿಸುವ ಹತ್ತಾರು ಕಾರ್ಖಾನೆಗಳು ತಲೆಯೆತ್ತಿದವು. ಉತ್ತರ ಕರ್ನಾಟಕದಿಂದಲೂ ಹೊರ ರಾಜ್ಯಗಳಿಂದಲೂ ಯುವಕರು ಬಂದು ನೆಲೆಸಿದರು. ವಾರದ ಆರು ದಿನ ಪಾಳಿಯ ಮೇಲೆ ದುಡಿಯುವ ಈ ಜನಕ್ಕೆ ಭಾನುವಾರವೆಂದರೆ ಕ್ರಿಕೆಟ್. ಇನ್ನೂ ಕಟ್ಟಡವೇಳದ ಒಂದು ನಿವೇಶನವನ್ನು ಸಮಮಾಡಿ, ನಡುವೆ ಸಿಮೆಂಟಿನ ಪಟ್ಟಿಯೊಂದನ್ನು ಹಾಕಿ, ಅದನ್ನೇ ಮೈದಾನವೆಂದು ಕರೆದುಕೊಂಡಿದ್ದೆವು. ಕಾರ್ಖಾನೆಗೊಂದು ತಂಡ, ತಂಡಕ್ಕೊಬ್ಬ ಯಜಮಾನ. ನಮ್ಮ ತಂಡದ ಯಜಮಾನಿಕೆ ಯಾರೂ ಕೊಡದೆಯೇ ನನಗೆ ಬಂದಿತ್ತು.

ನಮ್ಮ ತಂಡದಲ್ಲಿ ಕಾರ್ಮಿಕನಲ್ಲದ ಆಟಗಾರ ಒಬ್ಬನೇ. ಅವನು ನನ್ನ ತಂಗಿಯ ಮಗ. ಆಗ ಅವನಿಗೆ ಹದಿನೈದು ವರ್ಷ. ಒಂದೇ ವರ್ಷದಲ್ಲಿ ಸರಸರನೆ ಬೆಳೆದು, ಬಾಗಿಲಿನ ಮೇಲಿನ ಪಟ್ಟಿಗೆ ತಲೆ ತಾಗಿಸಿಕೊಳ್ಳುತ್ತಿದ್ದ. ತೋಳುಗಳೋ, ಬಾವಿಗೆ ಇಳಿಬಿಟ್ಟ ಹಗ್ಗದಂತೆ ನೀಳ. ಅವನು ದೂರದಿಂದ ಓಡಿಬಂದು ಚೆಂಡನ್ನು ಎಸೆದರೆ, ಗಟ್ಟಿಮುಟ್ಟಾದ ದಾಂಡಿಗರೂ ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದರು. ಮೊದಲ ಸಲ ಅವನು ಮಧ್ಯದ ಕೋಲನ್ನು ಉರುಳಿಸಿದಾಗ ನನ್ನ ಎದೆ ಉಬ್ಬಿದ್ದು ಇನ್ನೂ ನೆನಪಿದೆ. ಅಂದು ಸಂಜೆ ಅವನನ್ನು ಹೋಟೆಲಿಗೆ ಕರೆದೊಯ್ದು ತಟ್ಟೆ ಇಡ್ಲಿ ಕೊಡಿಸಿದೆ. ಅವನು ನಾಲ್ಕು ತಿಂದ. ನಾನು ಅವನ ಬಲಗೈಯನ್ನೇ ನೋಡುತ್ತ ಕುಳಿತಿದ್ದೆ.

ಒಬ್ಬ ಎಸೆತಗಾರನಿಗೆ ಇಷ್ಟೇ ಓವರು ಎಂಬ ಕಟ್ಟಳೆ ನಮ್ಮ ಬಯಲಿನ ಪಂದ್ಯಗಳಲ್ಲಿ ಇರಲಿಲ್ಲ. ಗೆಲ್ಲಿಸುವವನು ಇರುವಾಗ ಬೇರೆಯವರ ಕೈಗೆ ಚೆಂಡನ್ನು ಏಕೆ ಕೊಡಬೇಕು? ಒಂದು ತುದಿಯಿಂದ ಅವನೇ ಮೊದಲಿನಿಂದ ಕೊನೆಯವರೆಗೆ ಎಸೆಯುತ್ತಿದ್ದ. ಅವನು ಬೆವರೊರೆಸಿಕೊಂಡು ನನ್ನ ಕಡೆ ನೋಡಿದರೆ, ನಾನು ಗೆರೆಯಾಚೆಯಿಂದ ಒಂದು ಬೆರಳನ್ನು ಎತ್ತಿ ತೋರಿಸುತ್ತಿದ್ದೆ: “ಇನ್ನೊಂದೇ ಒಂದು ಓವರು!” ಅವನು ನಕ್ಕು ಚೆಂಡನ್ನು ಎತ್ತಿಕೊಳ್ಳುತ್ತಿದ್ದ. ಆ ‘ಒಂದು’ ಎಂಬ ಸಂಖ್ಯೆಗೆ ಕೊನೆಯೆಂಬುದೇ ಇರಲಿಲ್ಲ.

ಲಕ್ಷಣಗಳು ಕಾಣಿಸಿಕೊಳ್ಳದೆ ಇರಲಿಲ್ಲ. ಹುಡುಗ ಬೂಟಿನ ದಾರ ಕಟ್ಟುವಾಗ ಬಗ್ಗದೆ, ಕಾಲನ್ನು ಜಗಲಿಯ ಮೇಲಿಟ್ಟುಕೊಂಡು ಕಟ್ಟತೊಡಗಿದ. ಮಂಚವನ್ನು ಬಿಟ್ಟು ನೆಲದ ಮೇಲೆ ಮಲಗತೊಡಗಿದ. “ಯಾಕೋ?” ಎಂದು ಅವನ ತಾಯಿ ಕೇಳಿದ್ದಕ್ಕೆ, “ಸೆಕೆ ಅಮ್ಮಾ” ಎಂದನಂತೆ. ಅದು ಮಾರ್ಗಶಿರ ಮಾಸ. ತಂಗಿ ನನ್ನ ಬಳಿ ಬಂದು, “ಅಣ್ಣಾ, ಹುಡುಗ ಒಂದು ಥರಾ ನಡೀತಾನೆ, ನೋಡು” ಎಂದಳು. ಬೆಳೆಯುವ ಮಕ್ಕಳಿಗೆ ಮೈಕೈ ನೋವು ಸಹಜವೆಂದು ನಾನು ಸಮಾಧಾನ ಹೇಳಿ ಕಳುಹಿಸಿದೆ. ಬೇರಿಂಗಿನ ಒಂದು ಸಣ್ಣ ಕಿರುಗುಟ್ಟುವಿಕೆಗೆ ರಾತ್ರಿ ಹನ್ನೆರಡಕ್ಕೆ ಎದ್ದು ಕಾರ್ಖಾನೆಗೆ ಓಡುತ್ತಿದ್ದ ಮನುಷ್ಯ ನಾನು!

ಅಂತಿಮ ಪಂದ್ಯದ ದಿನ ಬಂದಿತು. ಬೆಳಗ್ಗೆ ನಡೆದ ಪಂದ್ಯದಲ್ಲಿ ಅವನು ಹನ್ನೊಂದು ಓವರು ಎಸೆದಿದ್ದ. ಮಧ್ಯಾಹ್ನದ ಅಂತಿಮ ಪಂದ್ಯದಲ್ಲಿ ಹನ್ನೆರಡಾಗಿತ್ತು. ಎದುರಾಳಿಗಳಿಗೆ ಬೇಕಾಗಿದ್ದುದು ಏಳು ಓಟ, ಉಳಿದದ್ದು ಒಂದೇ ವಿಕೆಟ್. ಹುಡುಗ ನನ್ನ ಕಡೆ ನೋಡಿದ. ಈ ಸಲ ಅವನು ನಗಲಿಲ್ಲ. ನಾನು ಬೆರಳೆತ್ತಿದೆ. ಅವನು ಓಡಿಬಂದು ಎಸೆದ, ವಿಕೆಟ್ ಬಿದ್ದಿತು, ಮೈದಾನವೆಲ್ಲ ಕೂಗೆದ್ದಿತು. ಅವನನ್ನು ಹೆಗಲ ಮೇಲೆ ಎತ್ತಿಕೊಳ್ಳಹೋದವರನ್ನು ಅವನು ಕೈಸನ್ನೆಯಿಂದ ತಡೆದದ್ದನ್ನು ನಾವು ವಿನಯವೆಂದು ತಿಳಿದೆವು. ಮರುದಿನ ಬೆಳಗ್ಗೆ ಅವನಿಗೆ ಹಾಸಿಗೆಯಿಂದ ಏಳಲಾಗಲಿಲ್ಲ.

ಬೆಂಗಳೂರಿನ ಮೂಳೆಯ ವೈದ್ಯರು ಚಿತ್ರಗಳನ್ನು ತೆಗೆಸಿ ಬೆಳಕಿಗೆ ಹಿಡಿದು ನೋಡಿದರು. ಸೊಂಟದ ಮೇಲ್ಗಡೆ, ಬೆನ್ನೆಲುಬಿನ ಕೆಳಭಾಗದ ಒಂದು ಮೂಳೆಯಲ್ಲಿ ಬಿರುಕು ಬಿಟ್ಟಿದೆಯೆಂದರು. ಬಿದ್ದು ಮುರಿದದ್ದಲ್ಲ, ಮತ್ತೆ ಮತ್ತೆ ಅದೇ ಜಾಗಕ್ಕೆ ಒತ್ತಡ ಬಿದ್ದು ಆದದ್ದು. ಆಮೇಲೆ ನನ್ನ ಕಡೆ ತಿರುಗಿ, “ಕಳೆದ ಒಂದು ತಿಂಗಳಲ್ಲಿ ಈ ಹುಡುಗ ಒಟ್ಟು ಎಷ್ಟು ಚೆಂಡು ಎಸೆದಿದ್ದಾನೆ?” ಎಂದು ಕೇಳಿದರು.

“ಇಪ್ಪತ್ತೊಂದು ವಿಕೆಟ್ ತೆಗೆದಿದ್ದಾನೆ, ಡಾಕ್ಟ್ರೇ” ಎಂದೆ.

“ವಿಕೆಟ್ ಕೇಳಲಿಲ್ಲ. ಚೆಂಡು ಎಷ್ಟು?”

ನನ್ನಲ್ಲಿ ಉತ್ತರವಿರಲಿಲ್ಲ.

ಹಿಂದಿರುಗುವಾಗ ಬಸ್ಸಿನಲ್ಲಿ, ಹುಡುಗ ಕಿಟಕಿಗೆ ತಲೆಯಾನಿಸಿ ಕಣ್ಣು ಮುಚ್ಚಿದ್ದಾಗ, ನಾನು ಟಿಕೆಟಿನ ಹಿಂಭಾಗದಲ್ಲಿ ಲೆಕ್ಕ ಹಾಕಿದೆ. ಸೋಮವಾರದಿಂದ ಶುಕ್ರವಾರದವರೆಗೆ ಶಾಲೆಯ ಅಂಗಳದಲ್ಲಿ ಸಂಜೆಗೆ ಸುಮಾರು ಎಂಟು ಓವರು, ಅದು ನಲವತ್ತು. ಶನಿವಾರ ತರಬೇತಿಯ ಬಲೆಯಲ್ಲಿ ಹನ್ನೆರಡು. ಭಾನುವಾರ ನನ್ನ ಬೆರಳಿನ ಆಣತಿಯಂತೆ ಇಪ್ಪತ್ತನಾಲ್ಕು. ಒಟ್ಟು ಎಪ್ಪತ್ತಾರು ಓವರು. ಅಂದರೆ ವಾರಕ್ಕೆ 456 ಎಸೆತ. ಶಾಲೆಯ ಮೇಷ್ಟರಿಗೆ ಗೊತ್ತಿದ್ದುದು ನಲವತ್ತು; ತರಬೇತುದಾರರಿಗೆ ಗೊತ್ತಿದ್ದುದು ಹನ್ನೆರಡು; ನನಗೆ ಗೊತ್ತಿದ್ದುದು ಇಪ್ಪತ್ತನಾಲ್ಕು. ಮೂವರಲ್ಲಿ ಯಾರೂ ಕ್ರೂರಿಗಳಲ್ಲ. ಆದರೆ ಈ ಮೂರನ್ನೂ ಕೂಡಿಸಿದವರು ಯಾರೂ ಇರಲಿಲ್ಲ. ಕೂಡಿಸಿದ್ದು ಆ ಹುಡುಗನ ಬೆನ್ನು ಮಾತ್ರ.

ವೇಗದ ಎಸೆತವೆಂಬುದು ಕೇವಲ ತೋಳಿನ ಕೆಲಸವಲ್ಲವೆಂದು ಅಂದು ವೈದ್ಯರು ನನಗೆ ತಿಳಿಸಿಕೊಟ್ಟರು. ಓಡಿಬಂದ ಎಸೆತಗಾರ ಮುಂಗಾಲನ್ನು ನೆಲಕ್ಕೆ ಅಪ್ಪಳಿಸಿದಾಗ ಅವನ ತೂಕದ ಹಲವು ಪಟ್ಟು ಭಾರ ಕಾಲಿನ ಮೂಲಕ ಮೇಲೇರುತ್ತದೆ. ಅದೇ ಗಳಿಗೆಯಲ್ಲಿ ಬೆನ್ನು ಹಿಂದಕ್ಕೂ ಪಕ್ಕಕ್ಕೂ ಬಾಗಿ ತಿರುಚಿಕೊಳ್ಳುತ್ತದೆ. ಹೀಗೆ ದುಡಿದ ಮೂಳೆಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಗಾಯಗಳಾಗುವುದು ಸಹಜ. ಬಿಡುವು ಕೊಟ್ಟರೆ ದೇಹ ಅವನ್ನು ತಾನೇ ತುಂಬಿಕೊಂಡು, ಮೂಳೆಯನ್ನು ಮೊದಲಿಗಿಂತ ಗಟ್ಟಿ ಮಾಡುತ್ತದೆ. ಬಿಡುವು ಕೊಡದಿದ್ದರೆ ಗಾಯದ ಮೇಲೆ ಗಾಯ ಕೂಡಿ ಬಿರುಕಾಗುತ್ತದೆ. ಹದಿಹರೆಯದಲ್ಲಿ ಮೂಳೆ ಉದ್ದವಾಗಿ ಬೆಳೆದಿರುತ್ತದೆ, ಆದರೆ ಇನ್ನೂ ಬಲಿತಿರುವುದಿಲ್ಲ. ಎತ್ತರವನ್ನು ನೋಡಿ ನಾವು ಅವನನ್ನು ಗಂಡಸೆಂದು ತಿಳಿದೆವು. ಮೂಳೆ ಮಾತ್ರ ಇನ್ನೂ ಬಾಲಕನದಾಗಿತ್ತು. ನಾವೆಲ್ಲ ತೋಳನ್ನು ನೋಡಿ ಮೆಚ್ಚಿದೆವು, ಒಡೆದದ್ದು ಬೆನ್ನು.

ಮರುದಿನ ಕಾರ್ಖಾನೆಗೆ ಹೋದವನು ಪ್ರೆಸ್ಸಿನ ಮುಂದೆ ಸುಮ್ಮನೆ ನಿಂತುಬಿಟ್ಟೆ. ಅದರ ಪಕ್ಕದಲ್ಲಿ ನನ್ನದೇ ಕೈಬರಹದ ಒಂದು ಕಾರ್ಡು ತೂಗುತ್ತಿತ್ತು. ಇಂದು ಎಷ್ಟು ಹೊಡೆತ, ಎಣ್ಣೆ ಎಂದು ಹಾಕಿತು, ಇನ್ನೆಷ್ಟು ಹೊಡೆತಗಳಾದ ಮೇಲೆ ಅಚ್ಚನ್ನು ಬಿಚ್ಚಿ ನೋಡಬೇಕು, ಎಲ್ಲವೂ ಅದರಲ್ಲಿತ್ತು. ಯಂತ್ರ ಕೆಟ್ಟ ಮೇಲೆ ನಿಲ್ಲಿಸುವವನು ದಡ್ಡ, ಕೆಡುವ ಮುನ್ನ ನಿಲ್ಲಿಸುವವನು ಜಾಣ ಎಂದು ಹೊಸದಾಗಿ ಸೇರಿದ ಹುಡುಗರಿಗೆ ನಾನೇ ಪಾಠ ಹೇಳುತ್ತಿದ್ದೆ. ಜಪಾನಿನ ಟೊಯೊಟಾ ಕಾರ್ಖಾನೆಗಳಲ್ಲಿ ಬೆಳೆದು ಜಗತ್ತಿಗೆಲ್ಲ ಹರಡಿದ ಪದ್ಧತಿಯೊಂದಿದೆ. ಕೆಲಸದ ಸಾಲಿನಲ್ಲಿ ದೋಷ ಕಂಡರೆ, ಅತಿ ಕೆಳಗಿನ ಕೆಲಸಗಾರನೂ ಒಂದು ಹಗ್ಗವನ್ನು ಎಳೆಯಬಹುದು, ದೀಪ ಹತ್ತುತ್ತದೆ, ಹಿರಿಯನೊಬ್ಬ ಓಡಿಬರುತ್ತಾನೆ, ಅಗತ್ಯವಿದ್ದರೆ ಇಡೀ ಸಾಲೇ ನಿಲ್ಲುತ್ತದೆ. ಹಗ್ಗ ಎಳೆದವನನ್ನು ಗದರಿಸಬಾರದೆಂಬುದೇ ಆ ಪದ್ಧತಿಯ ಜೀವಾಳ. ನಮ್ಮ ಹುಡುಗನಿಗೆ ಎಳೆಯಲು ಅಂಥದೊಂದು ಹಗ್ಗವಿರಲಿಲ್ಲ. ‘ನೋಯುತ್ತದೆ’ ಎಂದರೆ ಹೇಡಿ ಎನ್ನುತ್ತಾರೆಂದು ಅವನು ಬಾಯಿ ಮುಚ್ಚಿಕೊಂಡಿದ್ದ. ಆ ಭಯವನ್ನು ಅವನಿಗೆ ಕಲಿಸಿದವನು ನಾನೇ.

ಆದರೂ ಬುದ್ಧಿ ಬಂದಿತೆಂದು ಹೇಳಲಾರೆ. ಮೂರು ವಾರ ಕಳೆಯುವಷ್ಟರಲ್ಲಿ ಹುಡುಗನ ನೋವು ಇಳಿಯಿತು. ವೈದ್ಯರು ಹೇಳಿದ್ದ ತಿಂಗಳುಗಳ ವಿಶ್ರಾಂತಿ ನನಗೆ ದೀರ್ಘವೆನಿಸಿತು. “ಮೆಲ್ಲಗೆ ಒಂದೆರಡು ಓವರು ಹಾಕಿದರೆ ಏನಾದೀತು? ಕೈ ಮರೆತುಹೋಗುವುದಿಲ್ಲವೆ?” ಎಂದು ಒಂದು ಸಂಜೆ ಮನೆಯಲ್ಲಿ ಮಾತು ತೆಗೆದೆ. ಹುಡುಗನ ಕಣ್ಣು ಮಿನುಗಿತು. ಆಗ ಹುಳುಮನೆಯಿಂದ ಅವ್ವನ ದನಿ ಕೇಳಿಸಿತು.

ನಮ್ಮ ಸೀಮೆಯ ಬಹಳ ಮನೆಗಳಂತೆ ನಮ್ಮ ಮನೆಯಲ್ಲಿಯೂ ರೇಷ್ಮೆ ಸಾಕಣೆಯುಂಟು. ಗೂಡನ್ನು ರಾಮನಗರದ ಮಾರುಕಟ್ಟೆಗೆ ಒಯ್ಯುತ್ತೇವೆ. ಕಾರ್ಖಾನೆಗಳು ಬಂದು ಹೊಲದ ಬಹುಭಾಗ ಹೋದರೂ ಅವ್ವ ಉಳಿದ ತುಂಡು ನೆಲದ ಹಿಪ್ಪುನೇರಳೆಯನ್ನೂ ಹುಳುವನ್ನೂ ಬಿಟ್ಟಿಲ್ಲ. ರೇಷ್ಮೆ ಹುಳು ತನ್ನ ಸಣ್ಣ ಆಯುಷ್ಯದಲ್ಲಿ ನಾಲ್ಕು ಸಲ ಪೊರೆ ಬಿಡುತ್ತದೆ. ಅದನ್ನು ನಾವು ಜ್ವರವೆಂದು ಕರೆಯುತ್ತೇವೆ. ಜ್ವರಕ್ಕೆ ಕುಳಿತ ಹುಳು ತಲೆಯೆತ್ತಿ ಅಲುಗದೆ ನಿದ್ರಿಸುತ್ತದೆ, ಸೊಪ್ಪು ಮುಟ್ಟುವುದಿಲ್ಲ. ಆಗ ಅದರ ಮೇಲೆ ಸೊಪ್ಪು ಹಾಕುವುದಾಗಲಿ, ತಟ್ಟೆಯನ್ನು ಅಲುಗಿಸುವುದಾಗಲಿ ಕೂಡದು. ಒಳಗೆ ಹೊಸ ಚರ್ಮ ಮೂಡುವವರೆಗೆ ಕಾಯಬೇಕು.

ಅವ್ವ ಕೈಯ ಸುಣ್ಣದ ಪುಡಿಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಹೊರಗೆ ಬಂದಳು. “ಅಲ್ಲ ಕಣಪ್ಪಾ, ಜ್ವರಕ್ಕೆ ಕುಂತಿರೋ ಹುಳಕ್ಕೆ ಯಾರಾದ್ರೂ ಸೊಪ್ಪು ಹಾಕ್ತಾರಾ? ಹುಳ ಸುಮ್ಕೆ ಕುಂತದೆ ಅಂತ ನಿನ್ ಲೆಕ್ಕ. ಬೆಳೆಯೋ ಕೆಲಸ ನಡೆಯೋದೇ ಆವಾಗ” ಎಂದಳು. ಅಷ್ಟೇ ಹೇಳಿ ಒಳಗೆ ಹೋದಳು. ಓದು ಬರಹ ಬಾರದ ಅವ್ವ ಮೂಳೆಯ ವೈದ್ಯರ ಮಾತನ್ನೇ ಆಡಿದ್ದಳು. ನಾನು ಮತ್ತೆ ಬಾಯಿ ತೆರೆಯಲಿಲ್ಲ.

ಮುಂದಿನ ತಿಂಗಳುಗಳಲ್ಲಿ ಕುತೂಹಲದಿಂದ ಓದುತ್ತ ಹೋದೆ. ಬಯಲಿನಲ್ಲಿ ಆದದ್ದೇ ಲೋಕದ ದೊಡ್ಡ ಮೈದಾನಗಳಲ್ಲಿಯೂ ಆಗಿತ್ತು. ಆಸ್ಟ್ರೇಲಿಯದ ಡೆನಿಸ್ ಲಿಲ್ಲಿ 1973ರ ವೆಸ್ಟ್ ಇಂಡೀಸ್ ಪ್ರವಾಸದಲ್ಲಿ ಇದೇ ರೀತಿ ಬೆನ್ನೆಲುಬು ಬಿರುಕು ಬಿಟ್ಟು ಬಹುಕಾಲ ಆಟದಿಂದ ದೂರವಿದ್ದರು. ತಾಳ್ಮೆಯಿಂದ ದೇಹವನ್ನು ಕಟ್ಟಿಕೊಂಡು ಮರಳಿ, ಒಟ್ಟು 355 ಟೆಸ್ಟ್ ವಿಕೆಟ್ ಪಡೆದರು. ನಮ್ಮವರೇ ಆದ ಮೈಸೂರಿನ ಜಾವಗಲ್ ಶ್ರೀನಾಥ್ 1997ರಲ್ಲಿ ಭುಜದ ಶಸ್ತ್ರಚಿಕಿತ್ಸೆಯಾಗಿ ಆ ವರ್ಷದ ಬಹುಭಾಗವನ್ನು ಕಳೆದುಕೊಂಡರು. ಅದೇ ಭುಜದಿಂದ 1999ರಲ್ಲಿ ಕೋಲ್ಕತ್ತದಲ್ಲಿ ಪಾಕಿಸ್ತಾನದ ವಿರುದ್ಧ ಒಂದೇ ಟೆಸ್ಟಿನಲ್ಲಿ 13 ವಿಕೆಟ್ ಉರುಳಿಸಿದರು. ಬೆಂಗಳೂರಿನ ಪ್ರಸಿದ್ಧ್ ಕೃಷ್ಣ ಬೆನ್ನುಮೂಳೆಯ ಬಿರುಕಿನಿಂದ ಸುಮಾರು ಒಂದು ವರ್ಷ ಹೊರಗುಳಿದು, 2023ರ ಆಗಸ್ಟಿನಲ್ಲಿ ಐರ್ಲೆಂಡಿನಲ್ಲಿ ಮತ್ತೆ ಭಾರತಕ್ಕಾಗಿ ಆಡಿದರು. ಕಾಯುವುದು ಸೋಲಲ್ಲವೆಂಬುದಕ್ಕೆ ಇವರೇ ಸಾಕ್ಷಿ.

ಅಮೆರಿಕದಲ್ಲಿ ಬೇಸ್‌ಬಾಲ್ ಎಂಬ ಆಟವುಂಟು. ಅಲ್ಲಿ ಚೆಂಡೆಸೆಯುವವನ ಬೆನ್ನಿಗಿಂತ ಹೆಚ್ಚಾಗಿ ಮೊಣಕೈಯೂ ಭುಜವೂ ದಣಿಯುತ್ತವೆ. 1974ರಲ್ಲಿ ಟಾಮಿ ಜಾನ್ ಎಂಬ ಆಟಗಾರರ ಎಡ ಮೊಣಕೈಯ ಅಸ್ಥಿರಜ್ಜು ಹರಿಯಿತು. ಫ್ರಾಂಕ್ ಜೋಬ್ ಎಂಬ ವೈದ್ಯರು ಅವರ ಬಲಗೈಯಿಂದ ರಜ್ಜುವೊಂದನ್ನು ತೆಗೆದು ಅಲ್ಲಿಗೆ ಕಸಿ ಮಾಡಿದರು. ಅವರು 1976ರಲ್ಲಿ ಮರಳಿ ಬಂದು 1989ರವರೆಗೆ ಆಡಿದರು. ಆ ಚಿಕಿತ್ಸೆಗೆ ಅವರ ಹೆಸರೇ ನಿಂತಿತು. ಆದರೆ ದೊಡ್ಡವರಿಗೆಂದು ಹುಟ್ಟಿದ ಆ ಚಿಕಿತ್ಸೆ ಮುಂದೆ ಶಾಲಾ ಬಾಲಕರಿಗೂ ಬೇಕಾಗುವ ಕಾಲ ಬಂದಿತು. 2007ರಲ್ಲಿ ಅಲ್ಲಿನ ಬಾಲಕರ ಬೇಸ್‌ಬಾಲ್ ಸಂಸ್ಥೆಯಾದ ಲಿಟಲ್ ಲೀಗ್, ಎಸೆತಗಳನ್ನೇ ಎಣಿಸುವ ನಿಯಮವನ್ನು ತಂದಿತು. ಹನ್ನೊಂದು ಹನ್ನೆರಡು ವರ್ಷದ ಮಗು ಒಂದು ದಿನಕ್ಕೆ 85ಕ್ಕಿಂತ ಹೆಚ್ಚು ಎಸೆಯುವಂತಿಲ್ಲ. ಹೆಚ್ಚು ಎಸೆದಷ್ಟೂ ಹೆಚ್ಚು ದಿನ ಬಿಡುವು. ಇಂಗ್ಲೆಂಡಿನ ಕ್ರಿಕೆಟ್ ಮಂಡಳಿಯೂ ಎಳೆಯ ವೇಗಿಗಳಿಗೆ ಇಂಥದೇ ಮಿತಿ ಹಾಕಿದೆ. ಹದಿನೈದರೊಳಗಿನ ಹುಡುಗ ಒಮ್ಮೆಗೆ ಆರು, ದಿನಕ್ಕೆ ಹನ್ನೆರಡು ಓವರು ಮಾತ್ರ ಎಸೆಯಬಹುದು. ನಾನು ಒಂದೇ ದಿನ ಎಸೆಯಿಸಿದ್ದು ಇಪ್ಪತ್ತನಾಲ್ಕು.

ಇದನ್ನೆಲ್ಲ ತಂಡದವರಿಗೆ ಹೇಳಿದಾಗ ಅವರು ಒಪ್ಪಲಿಲ್ಲ. “ಕಪಿಲ್ ದೇವ್ 131 ಟೆಸ್ಟ್ ಆಡಲಿಲ್ಲವೆ? ಗಾಯವೆಂದು ಒಂದಾದರೂ ಟೆಸ್ಟ್ ಬಿಟ್ಟರೆ?” ಎಂದು ಕೇಳಿದರು. ಮಾತು ನಿಜ. ಆದರೆ ಉಳಿದವರ ಹೆಸರನ್ನು ಮಾತ್ರ ನಾವು ಕೇಳಿರುತ್ತೇವೆ. ಹದಿನಾರಕ್ಕೇ ಬೆನ್ನು ಮುರಿದುಕೊಂಡು, ಯಾವ ದಾಖಲೆಯನ್ನೂ ಸೇರದೆ ಮನೆಗೆ ಮರಳಿದ ಹುಡುಗರ ಹೆಸರು ಯಾರಿಗೆ ಗೊತ್ತು? ಒಂದು ಆಲದ ಮರ ಬಿರುಗಾಳಿಗೆ ನಿಂತಿತೆಂದು, ಸಸಿಗೆ ಬೇಲಿ ಬೇಡವೆನ್ನಲಾದೀತೆ?

ಆರು ತಿಂಗಳ ಬಳಿಕ ಹುಡುಗ ಮತ್ತೆ ಚೆಂಡು ಹಿಡಿದ. ಮೊದಲ ವಾರ ದಿನ ಬಿಟ್ಟು ದಿನ ಹನ್ನೆರಡೇ ಎಸೆತ. ಆಮೇಲೆ ಸ್ವಲ್ಪ ಸ್ವಲ್ಪವಾಗಿ ಏರಿಸಿದೆವು. ಅವನ ಚೀಲದಲ್ಲಿ ಈಗ ಒಂದು ಪುಸ್ತಕವಿದೆ. ಕಾರ್ಖಾನೆಯ ಕಾರ್ಡಿನಂತೆ ನಾನೇ ಗೆರೆ ಹಾಕಿಕೊಟ್ಟದ್ದು. ಶಾಲೆಯಲ್ಲಿ ಎಸೆದದ್ದು, ಬಲೆಯಲ್ಲಿ ಎಸೆದದ್ದು, ಪಂದ್ಯದಲ್ಲಿ ಎಸೆದದ್ದು ಎಂದು ಮೂರು ಅಂಕಣ, ನಾಲ್ಕನೆಯದು ಮೊತ್ತ. ಐದನೆಯ ಅಂಕಣವನ್ನು ಅವನೇ ಸೇರಿಸಿಕೊಂಡ: ‘ನೋವು ಇದೆಯೆ?’ ಮೇಷ್ಟರೂ ತರಬೇತುದಾರರೂ ಅದನ್ನು ನೋಡಿ ರುಜು ಹಾಕುತ್ತಾರೆ. ಪಂದ್ಯದ ದಿನ ಹತ್ತು ಓವರಿಗೆ ಮಿತಿಯೆಂದು ವೈದ್ಯರು ಗೊತ್ತುಮಾಡಿದರು.

ಮರು ವರ್ಷ ಅದೇ ಮೈದಾನ, ಅದೇ ಅಂತಿಮ ಪಂದ್ಯ. ಹುಡುಗನ ಹತ್ತು ಓವರು ಮುಗಿದಿತ್ತು. ಎದುರಾಳಿಗಳಿಗೆ ಒಂಬತ್ತು ಓಟ ಬೇಕು. ಎರಡು ವಿಕೆಟ್ ಉಳಿದಿವೆ. ನಾಯಕ ಚೆಂಡನ್ನು ಹಿಡಿದು ನನ್ನ ಕಡೆ ನೋಡಿದ, ತಂಡವೆಲ್ಲ ನೋಡಿತು. ‘ಇನ್ನೊಂದೇ ಒಂದು ಓವರು’ ಎಂಬ ಮಾತು ನಿಜವಾಗಿಯೂ ನನ್ನ ನಾಲಗೆಯ ತುದಿಗೆ ಬಂದಿತ್ತು. ವರ್ಷವಿಡೀ ಓದಿದ್ದು, ಬಸ್ಸಿನ ಟಿಕೆಟಿನ ಲೆಕ್ಕ, ಅವ್ವನ ಮಾತು, ಯಾವುದೂ ಆ ಆಸೆಯನ್ನು ಅಳಿಸಿರಲಿಲ್ಲ. ಬೆರಳು ಮೇಲೇಳದಂತೆ ಕೈಯನ್ನು ಜೇಬಿನೊಳಗೆ ಇಟ್ಟುಕೊಂಡೆ. ಅಷ್ಟರಲ್ಲಿ ಹುಡುಗನೇ ಗೆರೆಯ ಬಳಿ ಬಂದು, “ಮಾವ, ನನ್ನದು ಹತ್ತು ಆಯಿತು” ಎಂದ. ದನಿಯಲ್ಲಿ ಅಳುಕಿರಲಿಲ್ಲ. ಅವನು ಹಗ್ಗವನ್ನು ಎಳೆದಿದ್ದ. ನಾನು ತಲೆಯಾಡಿಸಿದೆ. ಬೇರೊಬ್ಬ ಎಸೆದ. ನಾವು ಸೋತೆವು.

ಮನೆಗೆ ಬಂದಾಗ ಕತ್ತಲಾಗಿತ್ತು. ಅವ್ವ ಹುಳುಮನೆಯ ಬಾಗಿಲಿನಲ್ಲಿ ನಿಂತಿದ್ದಳು.

“ಗೆದ್ಯೇನೋ ಮಗಾ?”

“ಇಲ್ಲ ಅಜ್ಜಿ, ಸೋತೆವು.”

“ಬೆನ್ನು ನೋಯ್ತದಾ?”

“ಇಲ್ಲ.”

“ಹಂಗಾದ್ರೆ ಕೈ ತೊಳ್ಕೊಂಡು ಸೊಪ್ಪು ಹಾಕು ಬಾ. ಹುಳ ಜ್ವರದಿಂದ ಎದ್ದವೆ” ಎಂದಳು.

ಹುಡುಗ ಜಗಲಿಯ ಮೇಲೆ ಕುಳಿತು ಪುಸ್ತಕ ತೆಗೆದು ಅಂದಿನ ಅಂಕಿಗಳನ್ನು ಬರೆದ. ಆಮೇಲೆ ಎರಡೂ ಕೈಗಳಿಂದ ಬಗ್ಗಿ ಬೂಟಿನ ದಾರವನ್ನು ಬಿಚ್ಚಿದ. ನಾನು ಬಾಗಿಲಿನ ಬಳಿ ನಿಂತು ಅದನ್ನೇ ನೋಡುತ್ತಿದ್ದೆ.